ಕಾಶವ್ವನ ಬೋಗಾಣಿ ಪಾಳಿಯಲ್ಲಿತ್ತು

ಹತ್ತಿಕಾಳಿನ ಹಿಂಡಿಯ ವಾಸನೆಗೆ ಬೇರೆಯವರಿಗೆ ದನದ ಕೊಟ್ಟಿಗೆ ನೆನಪಾಗುತ್ತದೆ. ನನಗೆ ಕೀಬೋರ್ಡು ನೆನಪಾಗುತ್ತದೆ.

ಹೋದ ವಾರ ಅವ್ವನ ಎಮ್ಮೆಗೆ ಹಿಂಡಿ ತರಲು ಬೈಲಹೊಂಗಲದ ಆ ಅಂಗಡಿಗೆ ಹೋಗಿದ್ದೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಎಣ್ಣೆ ಬೆರೆತ ಕಮಟು ಮೂಗಿಗೆ ಬಡಿಯಿತು. ತಲೆ ಎತ್ತಿ ಮಾಳಿಗೆ ನೋಡಿದೆ. ಕಬ್ಬಿಣದ ಮೆಟ್ಟಿಲು ಹಾಗೇ ಇದೆ. ಮೂರನೆಯ ಮೆಟ್ಟಿಲು ಇನ್ನೂ ಅಲುಗಾಡುತ್ತದೆಯೋ ಏನೋ. ಮೇಲಿನ ಹಾಲ್ ಈಗ ಸೀರೆಗಳ ಗೋಡೌನು. ಮೂರು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮರುವಾರದಿಂದ ಮೇ ತಿಂಗಳ ನಡುವಿನವರೆಗೆ, ಹದಿನಾರು ವಾರ ನಾನು ಅಲ್ಲಿ ಕೂತು ವೆಬ್‌ಸೈಟ್ ಕಟ್ಟುವುದನ್ನು ಕಲಿತೆ.

ಆ ಬೇಸಿಗೆಯ ಬಗ್ಗೆ ಹಲವರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರೊಳಗಿನ ನಾನು ಇನ್ನಷ್ಟು ಗಟ್ಟಿಗಿತ್ತಿಯಾಗುತ್ತ ಬಂದಿದ್ದೇನೆ. ಅದಕ್ಕೇ ಈ ಸಲ ಬರೆಯುವ ಮೊದಲು ಆ ವರ್ಷದ ದಿನಚರಿಯನ್ನು ಟ್ರಂಕಿನಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಚಟ ನನಗೆ. ನೆನಪಿಗೂ ದಿನಚರಿಗೂ ಎಂದೂ ಸರಿ ಹೊಂದಿದ್ದಿಲ್ಲ. ಆ ವರ್ಷಕ್ಕೆ ಮಾತ್ರ ಮೂರನೆಯ ಸಾಕ್ಷಿಯೊಂದಿದೆ. ಅದರ ವಿಷಯ ಮುಂದೆ ಬರುತ್ತದೆ.

ಆಗ ನನಗೆ ಮೂವತ್ತಮೂರು. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ, ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ಮದುವೆಯಾಗಿ ರಾಮದುರ್ಗಕ್ಕೆ ಹೋಗಿ, ಅಲ್ಲಿಂದ ಒಂದು ದಿನ ಒಂದು ಬ್ಯಾಗು ಹಿಡಿದು ಬೈಲಹೊಂಗಲದ ಅವ್ವನ ಮನೆಗೆ ಮರಳಿದ್ದೆ. ಏಕೆ ಮರಳಿದೆ ಎಂಬುದನ್ನು ಇಲ್ಲಿ ತುಂಬಲೇಬೇಕು ಎಂಬ ಕಾಯಿದೆಯೇನೂ ಇಲ್ಲ. ತುಂಬುವುದಿಲ್ಲ.

ಆದರೆ ಕಿತ್ತೂರಿನ ಸೋದರಮಾವನಿಗೆ ಅದು ಬೇಕಿತ್ತು. ಮದುವೆ ಕುದುರಿಸಿದವನು ಅವನೇ. ತಿಂಗಳಿಗೊಮ್ಮೆ ಬಂದು ಪಡಸಾಲೆಯಲ್ಲಿ ಕೂತು, "ಗಿರಿಜಾ, ಹೆಣ್ಣಮಕ್ಕಳು ಇಷ್ಟ ಸೆಟಗೊಂಡ್ರ ನಡ್ಯಂಗಿಲ್ಲವಾ. ಅವರು ಕರಕೊಂಡು ಹೋಗಾಕ ತಯಾರದಾರ" ಎನ್ನುತ್ತಿದ್ದ. ನಾನು ಆಗ ಒಂದು ಶರತ್ತು ಹಾಕಿದೆ. ಕೋರ್ಸು ಮುಗಿಸುತ್ತೇನೆ. ಕೊನೆಗೆ ಮೊದಲ ಮೂರು ಸ್ಥಾನ ಪಡೆದವರನ್ನು ಕೋರ್ಸು ನಡೆಸುವ ಬೆಳಗಾವಿಯ ಸಂಸ್ಥೆಯವರೇ ಸಹಾಯಕ ಶಿಕ್ಷಕರಾಗಿ ಇಟ್ಟುಕೊಳ್ಳುತ್ತಾರೆ. ಅವರಲ್ಲಿ ನಾನಿದ್ದರೆ ಇಲ್ಲೇ ಇರುತ್ತೇನೆ, ಇರದಿದ್ದರೆ ರಾಮದುರ್ಗಕ್ಕೆ ಹೋಗುತ್ತೇನೆ. ಮಾವ ತೊಡೆ ತಟ್ಟಿಕೊಂಡು ಹೇಳಿದ: "ಆತು. ಕೋರ್ಸ್ ಮುಗಿಯೂತನಕ ನಿನ್ನ ಮಾತು. ಮುಗಿದ ಮ್ಯಾಲ ನಮ್ಮ ಮಾತು."

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಮಾತಿಗೆ ಬಡಿತ ನಿಂತಿತು ಎಂದು ನನ್ನ ನೆನಪು. ದಿನಚರಿಯಲ್ಲಿ ಅವ್ವನ ಸುದ್ದಿಯೇ ಇಲ್ಲ.

ತರಗತಿಯಲ್ಲಿ ಇಪ್ಪತ್ತೆರಡು ಜನರಿದ್ದೆವು. ನಾನೇ ಹಿರಿಯಳು. ಕಲಿಸುವ ಇರ್ಫಾನ್ ಸರ್ ನನಗಿಂತ ಆರು ವರ್ಷ ಚಿಕ್ಕವರು, ಸವದತ್ತಿಯವರು, ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮೊದಲ ದಿನ ಅವರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಎಲ್ಲರನ್ನೂ ಕಿಟಕಿಗೆ ಕರೆದು ಕೆಳಗಿನ ಅಂಗಡಿ ತೋರಿಸಿದರು.

"ನೋಡ್ರಿ, ಗಿರಾಕಿಗೆ ಕಾಣೂದು ಮುಂದಿನ ಕಟ್ಟಿ, ತಕ್ಕಡಿ, ಬೋರ್ಡು. ಅದು ಫ್ರಂಟೆಂಡ್. ಚೀಲ ಒಟ್ಟಿದ್ದು ಹಿಂದಿನ ಗೋಡೌನಿನ್ಯಾಗ. ಅದು ಡೇಟಾಬೇಸ್. ಗಿರಾಕಿ ಕೇಳಿದ್ದನ್ನ ಹಿಂದ ಹೋಗಿ ಹೊತ್ತು ತರೂ ಹಮಾಲ ಅದಾನಲ್ಲ, ಅಂವ ಸರ್ವರ್. ಮೂರೂ ಕೆಲಸ ಬರತಾವ ಅಂದ್ರ ಫುಲ್ ಸ್ಟ್ಯಾಕ್."

"ಹಂಗಾದ್ರ ಹಮಾಲಕಿನೂ ಕಲೀಬೇಕೇನ್ರಿ ಸರ್?" ಎಂದಳು ನನ್ನ ಪಕ್ಕದ ಹುಡುಗಿ.

"ಮದಲ ಅದನ್ನ ಕಲೀವಾ. ಮಾಲಕ ಆಗೂದು ಸಸಾರ."

ಹುಡುಗಿಯ ಹೆಸರು ರೂಪಾ. ಇಪ್ಪತ್ತು ವರ್ಷ, ಡಿಪ್ಲೊಮಾ ಮುಗಿಸಿದವಳು, ಸವದತ್ತಿ ಹತ್ತಿರದ ಹೂಲಿಯವಳು, ಕೋರ್ಸಿಗಾಗಿ ಬೈಲಹೊಂಗಲದಲ್ಲಿ ಉಳಿದವಳು. ಬಾಯಿ ಜೋರು. ಮೊದಲ ವಾರವೇ ನನ್ನ ಪದವಿ ಕೇಳಿ, "ಅಯ್ಯ, ಇತಿಹಾಸ ಕಲ್ತಾಕಿ ಇಲ್ಲಿ ಏನ ಮಾಡ್ತೀ ಅಕ್ಕಾ? ಕಂಪ್ಯೂಟರ್‌ಗೆ ನಿನ್ನೀದು ಬ್ಯಾಡ, ನಾಳಿದು ಬೇಕು" ಎಂದಿದ್ದಳು. ಅದಕ್ಕೆ ನಾನು ಕೊಟ್ಟ ಉತ್ತರ ನೆನಪಿಲ್ಲ. ಮಾರನೆಯ ವಾರದಿಂದ ನಾವಿಬ್ಬರೂ ಒಂದೇ ಬೆಂಚು.

ಕಲಿಕೆ ಸುಲಭವಿರಲಿಲ್ಲ, ಅದನ್ನು ಸುಲಭವಾಗಿತ್ತೆಂದು ಹೇಳಿಕೊಳ್ಳುವ ದರ್ದು ನನಗಿಲ್ಲ. ಒಂದು ಆವರಣ ಚಿಹ್ನೆ ಮುಚ್ಚಲು ಮರೆತು ಎರಡು ದಿನ ಕಳೆದಿದ್ದೇನೆ. ಸಣ್ಣ ತಪ್ಪು, ದೊಡ್ಡ ಕೆಂಪು ಅಕ್ಷರಗಳ ಬೈಗುಳ. ಆದರೆ ನನಗೆ ಹಿಡಿಸಿದ್ದೂ ಅದೇ. ಆ ಪರದೆ ನನ್ನನ್ನು ಬೈಯುವಾಗ ನಾನು ಯಾರ ಮಗಳು, ಯಾರ ಹೆಂಡತಿ, ಏಕೆ ಇಲ್ಲಿದ್ದೇನೆ ಎಂದು ಕೇಳುತ್ತಿರಲಿಲ್ಲ. ನಲವತ್ತೊಂದನೆಯ ಸಾಲಿನಲ್ಲಿ ತಪ್ಪಿದೆ ಎನ್ನುತ್ತಿತ್ತು, ಅಷ್ಟೇ. ನಲವತ್ತೊಂದನೆಯ ಸಾಲಿನಲ್ಲಿ ನಿಜವಾಗಿಯೂ ತಪ್ಪಿರುತ್ತಿತ್ತು. ಒಂದು ವರ್ಷದಿಂದ ಊರೆಲ್ಲ ನನ್ನ ತಪ್ಪನ್ನು ಹುಡುಕುತ್ತಿತ್ತು. ಸಾಲಿನ ಸಂಖ್ಯೆ ಹೇಳಿದ್ದು ಇದೊಂದೇ.

ಫೆಬ್ರವರಿ ಕೊನೆಗೆ ಇರ್ಫಾನ್ ಸರ್ ಗಿಟ್ ಕಲಿಸಿದರು. ನಾವು ಮಾಡುವ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರು ಎಂಬುದರ ಜೊತೆಗೆ ಉಳಿಸಿಡುವ ವ್ಯವಸ್ಥೆ ಅದು. ಅಳಿಸಿದ್ದೂ ಅದರಲ್ಲಿ ಅಳಿಯುವುದಿಲ್ಲ. ಅದಕ್ಕೆ ಬ್ಲೇಮ್ ಎಂಬ ಆಜ್ಞೆ ಕೊಟ್ಟರೆ ಪ್ರತಿ ಸಾಲಿನ ಮುಂದೆ ಅದನ್ನು ಬರೆದವರ ಹೆಸರು ಬಂದು ನಿಲ್ಲುತ್ತದೆ. "ಇದರ ಮುಂದ ನಾ ಅಲ್ಲ ಅನ್ನಾಕ ಬರಂಗಿಲ್ಲ ನೋಡ್ರಿ" ಎಂದರು. ಉಳಿದವರಿಗೆ ಅದು ಬೇಸರದ ಪಾಠ. ನಾನು ಮಾತ್ರ ಮುಂದೆ ಸರಿದು ಕೂತೆ. ಶಾಸನ, ದಫ್ತರ, ಸಾಕ್ಷ್ಯ ಎಂದು ವರ್ಷಗಟ್ಟಲೆ ಪಾಠ ಮಾಡಿದವಳಿಗೆ, ಸುಳ್ಳು ಹೇಳದ ದಫ್ತರವೊಂದು ಮೊದಲ ಸಲ ಕೈಗೆ ಸಿಕ್ಕಿತ್ತು.

ಮಾರ್ಚಿನಲ್ಲಿ ಕೊನೆಯ ಪ್ರಾಜೆಕ್ಟಿನ ಮಾತು ಬಂತು. ಇಬ್ಬಿಬ್ಬರು ಸೇರಿ ಒಂದು ಪೂರ್ತಿ ವೆಬ್‌ಸೈಟ್ ಕಟ್ಟಬೇಕು, ಸ್ಥಾನ ಕೊಡುವುದು ಅದರ ಮೇಲೆಯೇ. ಎಲ್ಲರೂ ಮೊಬೈಲ್ ಅಂಗಡಿ, ಊಟ ತರಿಸುವ ಸೈಟು ಎಂದರು. ರೂಪಾ ಎಂದಳು: "ನಮ್ಮೂರಾಗ ಶಾವಿಗಿ ಮಷಿನ್ ಮುಂದ ದಿನಾ ಜಗಳ ಅಕ್ಕಾ. ಅದನ್ನ ಮಾಡೋಣು."

ಹೂಲಿಯ ಹೆಣ್ಣುಮಕ್ಕಳ ಸಂಘದವರು ಒಂದು ಶಾವಿಗೆ ಮಷಿನ್ ತಂದಿದ್ದರು. ಬೇಸಿಗೆ ಬಂತೆಂದರೆ ಇಡೀ ಊರಿಗೆ ಅದೊಂದೇ. ಮನೆಯಲ್ಲಿ ರವೆ ಗಟ್ಟಿಯಾಗಿ ನಾದಿ, ನೆನೆಸಿಟ್ಟು ತರಬೇಕು. ಪಾಳಿ ಗುರುತಿಗೆ ಬೆಳಿಗ್ಗೆಯೇ ಒಂದು ಪಾತ್ರೆಯನ್ನು ಮಷಿನ್ನಿನ ಬಾಗಿಲಲ್ಲಿ ಸಾಲಿಗೆ ಇಟ್ಟು ಹೋಗುವುದು ರೂಢಿ. ಬೋಗಾಣಿ, ಡಬ್ಬಿ, ಬುಟ್ಟಿ, ಬಕೀಟು, ಯಾವುದಾದರೂ ಸರಿ. ಪಾತ್ರೆ ನಿಂತರೆ ಅದರ ಒಡತಿ ನಿಂತಂತೆ. ಯಾವ ಪಾತ್ರೆ ಯಾರದೆಂದು ಎಲ್ಲರಿಗೂ ಗೊತ್ತು. ತೊಂದರೆ ಇದ್ದದ್ದು ತ್ರೀ ಫೇಸ್ ಕರೆಂಟಿನದು. ನಡುವೆ ಹೋದರೆ ಎರಡು ತಾಸು ಬರುವುದಿಲ್ಲ. ಅಷ್ಟರಲ್ಲಿ ನಾದಿಟ್ಟ ಹಿಟ್ಟು ಏಪ್ರಿಲ್ ಬಿಸಿಲಿಗೆ ಹುಳಿಯಾಗುತ್ತದೆ. ನಮ್ಮ ಸೈಟಿನಲ್ಲಿ ಮಷಿನ್ ನಡೆಸುವವರು ಕರೆಂಟ್ ಹೋಗಿದೆ ಎಂಬ ಗುಂಡಿ ಒತ್ತಿದರೆ ಎಲ್ಲರ ಪಾಳಿಯೂ ಮುಂದಕ್ಕೆ ಸರಿದು, ಈಗ ನಾದಬೇಡಿ ಎಂದು ಫೋನಿಗೆ ಸುದ್ದಿ ಹೋಗುತ್ತಿತ್ತು. ಈಗಲೂ ಹೇಳುತ್ತೇನೆ, ಅದು ಒಳ್ಳೆಯ ಕೆಲಸ.

ಹೆಸರು ಹಚ್ಚುವ ಫಾರ್ಮು ನನ್ನ ಪಾಲಿಗೆ ಬಂತು. ಹೆಸರು, ಗಂಡನ ಅಥವಾ ತಂದೆಯ ಹೆಸರು, ಫೋನ್ ನಂಬರು. ಮೂರಕ್ಕೂ ಕೆಂಪು ನಕ್ಷತ್ರ ಚಿಹ್ನೆ, ಅಂದರೆ ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ.

ಈ ನಡುವಿನ ಕಾಲಂ ಬಗ್ಗೆ ನಾನು ಇಷ್ಟು ದಿನ ಹೇಳಿಕೊಂಡು ಬಂದದ್ದು ಹೀಗೆ: ಬೆಳಗಾವಿಯ ಹೆಡ್ಡಾಫೀಸಿನಿಂದ ಒಂದು ನಮೂನೆ ಬಂದಿತ್ತು, ಅದರಲ್ಲಿ ಹಾಗಿತ್ತು, ನಾವು ಹಾಕಬೇಕಾಯಿತು. ಹೋದ ವಾರ ಹಿಂಡಿ ತಂದು ಇಳಿಸಿದ ಮೇಲೆ ಹಳೆಯ ಲ್ಯಾಪ್‌ಟಾಪ್ ತೆಗೆದು ಆ ಫಾರ್ಮಿನ ಮೇಲೆ ಬ್ಲೇಮ್ ಓಡಿಸಿದೆ. ಸಾಲಿನ ಮುಂದೆ ನನ್ನದೇ ಹೆಸರಿತ್ತು. ನಮೂನೆ ಬಂದದ್ದು ದಿನಚರಿಯ ಪ್ರಕಾರ ಅದಾದ ಆರು ದಿನಕ್ಕೆ. ಅಂದರೆ ಯಾರೂ ಹೇಳದೆ, ಯಾರೂ ಕೇಳದೆ, ಗಂಡನ ಮನೆ ಬಿಟ್ಟು ಬಂದ ನಾನು, ಪ್ರತಿ ಕಚೇರಿಯ ಪ್ರತಿ ಫಾರ್ಮಿನಲ್ಲಿ ಆ ಜಾಗಕ್ಕೆ ಬಂದಾಗ ಪೆನ್ನು ತಡೆದು ನಿಲ್ಲುತ್ತಿದ್ದ ನಾನು, ನನ್ನ ಕೈಯಾರೆ ಆ ಸಾಲನ್ನು ಬರೆದು ಅದರ ಮುಂದೆ ಕೆಂಪು ನಕ್ಷತ್ರ ಹಚ್ಚಿದ್ದೆ. ಕೈಗೆ ರೂಢಿಯಾಗಿತ್ತು ಎನ್ನಬಹುದು. ಎನ್ನುವುದಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ಗುರುವಾರ ಹೂಲಿಗೆ ಹೋದೆವು. ಮಷಿನ್ನಿನ ಕೋಣೆಯ ಹೊರಗೆ ಬೇವಿನ ನೆರಳು. ಆಗಲೇ ಹತ್ತೆಂಟು ಪಾತ್ರೆಗಳು ಸಾಲಾಗಿ ಕೂತಿದ್ದವು. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕಾಶವ್ವ. ಎಪ್ಪತ್ತರ ಹತ್ತಿರದ ಮುದುಕಿ, ಒಬ್ಬಳೇ ಇರುವವಳು, ವರ್ಷಾನುಗಟ್ಟಲೆ ಆ ಪಾಳಿಯನ್ನು ಕಾದವಳು. ರೂಪಾ ಪರಿಚಯಿಸಿದಳು: "ಆಯಿ, ಈಕಿ ನಮ್ಮ ಗಿರಿಜಕ್ಕ. ಇವತ್ತ ಪಾಳಿ ನಮ್ಮ ಫೋನ್ ನೋಡತೈತಿ."

ಕಾಶವ್ವ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಯಾರ ಪೈಕಿ ನೀ?"

"ಬೈಲಹೊಂಗಲದಾಕಿ ಆಯಿ."

"ಊರಲ್ಲವಾ ಕೇಳಿದ್ದು," ಎಂದಳು. ಆಮೇಲೆ ಎದ್ದು ಸೀರೆ ಕೊಡವಿದಳು. "ಆತ್ ಬಿಡು. ಫೋನ್ ಕಾಯ್ತದಂದ್ರ ನಾನೂ ಎಲ್ಲಾರಂಗ ಹಿಟ್ಟ ನಾದಾಕ ಹೋಗ್ತೇನಿ. ಎಲ್ಲಿ, ಹೆಸರು ನಾನಽ ಹಾಕ್ತೇನಿ. ನಾಕನೇತ್ತಾ ತನಕ ಸಾಲಿ ಕಲ್ತೇನಿ. ನೀ ಸರಿ."

ರೂಪಾಳ ಫೋನ್ ಇಸಿದುಕೊಂಡು ಗೋಡೆಯ ಕಡೆ ತಿರುಗಿ ಕೂತು ಒಂದೊಂದೇ ಅಕ್ಷರ ಒತ್ತಿದಳು. ಮುಗಿಸಿ ಫೋನ್ ಮರಳಿ ಕೊಟ್ಟಳು. ತನ್ನ ತಾಮ್ರದ ಬೋಗಾಣಿಯನ್ನು, ಒಂದು ಕಡೆ ಕುಣಿ ಬಿದ್ದದ್ದನ್ನು, ರೂಢಿಯಂತೆ ಸಾಲಿನಲ್ಲಿ ಇಟ್ಟು ಮನೆಗೆ ಹೋದಳು.

ಉಳಿದವರದು ಗದ್ದಲ. ಹೆಸರು ಹೇಳುವರು, ಫೋನ್ ನಂಬರ್ ಹೇಳುವರು, ನಡುವಿನ ಕಾಲಂ ಬಂದಾಗ ಸೆರಗು ಬಾಯಿಗೆ ಒತ್ತಿ ನಗುವರು. ಗಂಡನ ಹೆಸರನ್ನು ನೇರವಾಗಿ ಹೇಳುವ ರೂಢಿ ಅಲ್ಲಿಲ್ಲ. ಒಬ್ಬಳದನ್ನು ಇನ್ನೊಬ್ಬಳು ಹೇಳುವಳು, ರೂಪಾ ಒತ್ತುವಳು. ಮಷಿನ್ ನಡೆಸುವ ನೀಲವ್ವನ ಸರದಿ ಬಂದಾಗ ಎಲ್ಲರೂ, "ಒಡಪು ಹಾಕಿ ಹೇಳು, ಒಡಪು ಹಾಕಿ ಹೇಳು" ಎಂದು ಗಂಟುಬಿದ್ದರು. ಪ್ರಾಸದ ಎರಡು ಸಾಲಿನೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳುವುದೇ ಒಡಪು. ನೀಲವ್ವ ಸೊಂಟಕ್ಕೆ ಕೈಯಿಟ್ಟು ಎತ್ತಿದಳು:

"ಕರಿ ಹೊಲದಾಗ ಬಿಳಿಜ್ವಾಳ, ತೂಗತಾವ ತೆನಿ,
ಈರಪ್ಪನವರ ಹೆಸರ ಹೇಳತೇನಿ, ಕೇಳ್ರಿ ತುಂಬಿದ ಮನಿ."

ಓ ಎಂದು ಕೂಗು. ಕೂಗು ಇಳಿಯುವ ಮೊದಲೇ ನೀಲವ್ವ ನನ್ನ ಕಡೆ ತಿರುಗಿದಳು. "ಎಲ್ಲಾರದೂ ಬರಕೊಂಡಿ. ಈಗ ನಿಂದು ಹೇಳು ನೋಡೋಣು. ಕೊಳ್ಳಾಗ ತಾಳಿ ಇಲ್ಲ, ಕಾಲಾಗ ಉಂಗರ ಐತಿ. ಯಾರವಾ ಅಂವ?"

ನನ್ನ ನೆನಪಿನಲ್ಲಿ ಇದರ ಮುಂದಿನದು ಹೀಗಿದೆ. ನಾನು ಅವಳನ್ನು ನೇರ ನೋಡಿದೆ, "ನಂದಿಲ್ಲ, ಹೇಳಂಗಿಲ್ಲ" ಎಂದೆ, ಬೇವಿನ ನೆರಳೆಲ್ಲ ತಣ್ಣಗಾಯಿತು. ಹೀಗೇ ಹಲವರಿಗೆ ಹೇಳಿದ್ದೇನೆ. ದಿನಚರಿಯ ಆ ಗುರುವಾರದ ಪುಟದಲ್ಲಿ ನನ್ನ ಅಕ್ಷರದಲ್ಲೇ ಇರುವುದು ಇಷ್ಟು: "ಒಡಪು ಹೇಳಿದೆ. ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ಬಾಯಿ ತೊಳೆದುಕೊಂಡೆ."

ಒಡಪಿನ ಮೊದಲ ಸಾಲು ಮಲ್ಲಿಗೆಯದಿತ್ತು. ಎರಡನೆಯದನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಈ ಬರಹದಲ್ಲಿ ಜಾಗವಿಲ್ಲ.

ಮಧ್ಯಾಹ್ನ ಒಮ್ಮೆ ಕರೆಂಟ್ ಹೋಯಿತು. ನೀಲವ್ವ ಗುಂಡಿ ಒತ್ತಿದಳು, ಪಾಳಿ ಸರಿಯಿತು, ಮನೆಮನೆಗೆ ಸುದ್ದಿ ಹೋಯಿತು. ಅಂದು ಯಾರ ಜಗಳವೂ ಇಲ್ಲ. ನಾವಿಬ್ಬರೂ ಹಿಗ್ಗಿದ್ದೆವು. ನಾಲ್ಕು ಗಂಟೆಗೆ ಪಟ್ಟಿಯಲ್ಲಿದ್ದವರೆಲ್ಲ ಮುಗಿದರು, ನೀಲವ್ವ ಮಷಿನ್ ನಿಲ್ಲಿಸಿ ಅಚ್ಚು ಬಿಚ್ಚಿ ತೊಳೆಯಲು ಹಾಕಿದಳು. ಆಗ ಕಂಡದ್ದು, ಬಾಗಿಲಲ್ಲಿ ತಾಮ್ರದ ಬೋಗಾಣಿ ಒಂದೇ ಕೂತಿತ್ತು.

ಕಾಶವ್ವ ತಲೆಯ ಮೇಲೆ ಹಿಟ್ಟಿನ ಪರಾತ ಹೊತ್ತು ಬಂದಳು. ಫೋನು ಕರೆಯುತ್ತದೆಂದು ಮನೆಯಲ್ಲಿ ಕಾದಿದ್ದಳಂತೆ. ಫೋನಿನ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಬೆಳಿಗ್ಗೆ ಅವಳು ನಡುವಿನ ಕಾಲಂ ಖಾಲಿ ಬಿಟ್ಟು ಒತ್ತಿದ್ದಳು. ಪರದೆ ಇಂಗ್ಲಿಷಿನಲ್ಲಿ ಏನೋ ಕೆಂಪಗೆ ಹೇಳಿತ್ತು. ಇನ್ನೊಮ್ಮೆ ಒತ್ತಿ, ಆಯಿತೆಂದು ತಿಳಿದು ಫೋನ್ ಮರಳಿಸಿದ್ದಳು. ನೀಲವ್ವ ಇಡೀ ದಿನ ಪರದೆ ನೋಡಿದ್ದಳು, ಬಾಗಿಲು ನೋಡಿರಲಿಲ್ಲ. ಅದಕ್ಕಿಂತ ಮೊದಲು ಆ ಊರಿನಲ್ಲಿ ಪಾಳಿಯಲ್ಲಿಟ್ಟ ಪಾತ್ರೆಯನ್ನು ದಾಟಿ ಯಾರೂ ಹೋದದ್ದಿರಲಿಲ್ಲ.

ಕಾಶವ್ವ ಹಿಟ್ಟಿನ ಮೇಲಿನ ಅರಿವೆ ಸರಿಸಿದಳು. ಹುಳಿ ವಾಸನೆ ನಾನು ನಿಂತಲ್ಲಿಗೆ ಬಂತು. ಅವಳು ಬೈಯಲಿಲ್ಲ. "ಎಮ್ಮಿ ತಿಂತೈತಿ ಬಿಡ್ರಿ" ಎಂದು ಪರಾತವನ್ನು ಮತ್ತೆ ತಲೆಗೆ ಏರಿಸಿ, ಬೋಗಾಣಿಯನ್ನು ಬಗಲಿಗೆ ಹಿಡಿದು ನಡೆದಳು.

ಬಸ್ಸಿನಲ್ಲಿ ಸವದತ್ತಿ ಬಂದ ಮೇಲೆ ರೂಪಾ ನನ್ನ ಕಡೆ ತಿರುಗಿದಳು. ಕೇಳಿದಳು: "ಅಕ್ಕಾ, ಆ ಕಾಲಂ ಯಾಕ ಐತಿ?"

"ಎಲ್ಲಾ ಫಾರ್ಮಿನ್ಯಾಗೂ ಇರತೈತಿ."

"ಅದಽ ಯಾಕ?"

ನನ್ನ ಹಳೆಯ ಕಥೆಯಲ್ಲಿ ನಾನು ಆ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆಗೆದು ಸಾಲನ್ನು ಅಳಿಸುತ್ತೇನೆ. ಗಿಟ್ ಬೇರೆ ಹೇಳುತ್ತದೆ. ಅಳಿಸಿದ್ದು ಇಪ್ಪತ್ತೆರಡು ದಿನಗಳ ನಂತರ. ನಡುವಿನ ಮೂರು ವಾರ ನಾನು ಬಟನ್‌ಗಳ ಬಣ್ಣ ಬದಲಿಸಿದ್ದೇನೆ, ಅಕ್ಷರ ದೊಡ್ಡದು ಮಾಡಿದ್ದೇನೆ, ತಪ್ಪಿನ ಸೂಚನೆಯನ್ನು ಕನ್ನಡಕ್ಕೆ ತಂದಿದ್ದೇನೆ. "ಈ ಕಾಲಂ ತುಂಬುವುದು ಕಡ್ಡಾಯ" ಎಂದು ಅಚ್ಚಗನ್ನಡದಲ್ಲಿ. ಕಾಲಂ ಮಾತ್ರ ಮುಟ್ಟಿಲ್ಲ. ಕಾರಣ ಸರಳ. ಹೆಡ್ಡಾಫೀಸಿನ ಸಾಹೇಬರು ಪರಿಶೀಲನೆಗೆ ಬಂದಾಗ ನಮ್ಮ ಫಾರ್ಮನ್ನು ಎತ್ತಿ ಹಿಡಿದು, "ಹಿಂಗಿರಬೇಕು, ನಮೂನಿ ಪ್ರಕಾರ" ಎಂದಿದ್ದರು. ನಮಗೆ ಎರಡನೆಯ ಸ್ಥಾನ ಸಿಗುವ ಮಾತಿತ್ತು. ಎರಡನೆಯ ಸ್ಥಾನವೆಂದರೆ ನೌಕರಿ, ನೌಕರಿಯೆಂದರೆ ರಾಮದುರ್ಗದ ಬಸ್ಸು ಹತ್ತುವುದು ತಪ್ಪಿದಂತೆ. ರೂಪಾ ದಿನಾ ಕೇಳುವಳು, ನಾನು ದಿನಾ "ಪರೀಕ್ಷೆ ಮುಗೀಲಿ" ಎನ್ನುವೆ. ಒಂದು ದಿನ ಅವಳು ಎಂದಳು: "ನಿಮ್ಮ ಮಾವನಕಿಂತ ನೀನಽ ಹೆಚ್ಚ ಅಂಜಸ್ತೀ ನೋಡಕ್ಕಾ, ನಿನ್ನ ನೀನಽ."

ಮೇ ತಿಂಗಳ ಮೊದಲ ವಾರ. ಬೆಳಿಗ್ಗೆ ಹನ್ನೊಂದರ ಸುಮಾರು, ಹೊರಗೆ ಬಿಸಿಗಾಳಿ, ಫ್ಯಾನ್ ಸುಮ್ಮನೆ ಬಿಸಿಯನ್ನೇ ತಿರುವುತ್ತಿತ್ತು. ಕಬ್ಬಿಣದ ಮೆಟ್ಟಿಲು ಕಿರುಗುಟ್ಟಿತು. ಮೂರನೆಯ ಮೆಟ್ಟಿಲಿಗೆ ಯಾರೋ, "ಯವ್ವಾ, ಬೀಳತೇನಿ" ಎಂದರು. ಕಾಶವ್ವ. ಬೋಗಾಣಿಗೆ ಕಲಾಯಿ ಹಾಕಿಸಲು ಬೈಲಹೊಂಗಲಕ್ಕೆ ಬಂದವಳು ರೂಪಾಳನ್ನು ನೋಡಿ ಹೋಗಲು ಹತ್ತಿ ಬಂದಿದ್ದಳು. ಇರ್ಫಾನ್ ಸರ್ ಕುರ್ಚಿ ಕೊಟ್ಟು ನೀರು ಕೊಟ್ಟರು. ಅವಳು ಸುತ್ತಲಿನ ಲ್ಯಾಪ್‌ಟಾಪ್‌ಗಳನ್ನು ನೋಡಿದಳು. "ಇದರಾಗ ನನ್ನ ಹಿಟ್ಟು ಹುಳಿ ಮಾಡಿದ್ದು ಯಾವದವಾ?"

ರೂಪಾ ನನ್ನದನ್ನು ತೋರಿಸಿದಳು. ನಾನು ಎದ್ದು ನಿಂತೆ. "ತಪ್ಪಾತ್ರಿ ಆಯಿ. ಆ ಕಾಲಮಿನ್ಯಾಗ ಏನರೆ ಒಂದು ಬರದಿದ್ರ ನಡೀತಿತ್ತು. ನಿಮ್ಮ ಯಜಮಾನರ ಹೆಸರು..."

"ಅಂವ ಹಿಟ್ಟು ನಾದ್ಯಾನೇನು?"

ಕಾಶವ್ವ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ರವಾ ಬೀಸಿಸಿದಾಕಿ ನಾನು. ನಾದಿದಾಕಿ ನಾನು. ಪಾಳ್ಯಾಗ ಕುಂದರಾಕಿ ನಾನು. ಆ ಹೆಸರು ಬಾಯಿಲೆ ಅನ್ನದಽ ಮೂವತ್ತು ವರ್ಷಾತು, ಬೆರಳಿಲೆ ಬರೀ ಅಂತೀ?" ಕೈಚೀಲದಿಂದ ಬೋಗಾಣಿ ತೆಗೆದು ನನ್ನ ಕೀಬೋರ್ಡಿನ ಮೇಲೆಯೇ ಇಟ್ಟಳು. ಒಳಗೆ ಹೊಸ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು. ಕುಣಿ ಹಾಗೇ ಇತ್ತು. "ಊರಾಗ ಏಳು ಮಂದಿ ಕಾಶವ್ವಾರದೀವಿ. ಈ ಬೋಗಾಣಿ ಒಂದಽ. ಇದನ್ನ ಬರಕೋ."

ಪರದೆಯ ಮೇಲೆ ಬೋಗಾಣಿ ಒತ್ತಿದ ಕೀಲಿಯ ಅಕ್ಷರ ಸಾಲುಗಟ್ಟಿ ಓಡುತ್ತಿತ್ತು. ಇದು ನನ್ನ ನೆನಪಷ್ಟೇ ಅಲ್ಲ, ದಿನಚರಿಯಲ್ಲೂ ಇದೆ.

ಅಂದೇ ಅಳಿಸಿದೆ. ಗಿಟ್‌ನಲ್ಲಿ ಆ ಬದಲಾವಣೆಗೆ ನಾನು ಕೊಟ್ಟ ಕಾರಣ: "ಬೇಕಾಗಿಲ್ಲ." ಆ ಕಾಲಂ ಇದ್ದಲ್ಲಿ ಫೋಟೋ ಹಾಕುವ ಜಾಗ ಮಾಡಿದೆವು. ನಿಮ್ಮ ಪಾತ್ರೆಯ ಫೋಟೋ ತೆಗೆಯಿರಿ, ಅಷ್ಟೇ. ಅದನ್ನು ಸರಿಯಾಗಿ ಕೂಡಿಸಲು ಎರಡು ದಿನ ಹಿಡಿಯಿತು. ಇರ್ಫಾನ್ ಸರ್ ಸಹಾಯ ಮಾಡುತ್ತಲೇ ಎಚ್ಚರಿಸಿದರು: "ಗಿರಿಜಕ್ಕಾರ, ನಮೂನಿ ಬಿಟ್ಟು ಹೋದ್ರ ಸಾಹೇಬ್ರು ಅಂಕ ಕಡೀತಾರ. ನನ್ನ ಕೈಯಾಗ ಇಲ್ಲ." ನಾನು ರೂಪಾಳನ್ನು ನೋಡಿದೆ. ಅಂಕ ಅವಳದೂ ಹೋಗುತ್ತಿತ್ತು. "ನನ್ನ ಮುಖಾ ಏನ ನೋಡ್ತೀ? ಫೋಟೋ ಅಡ್ಡ ಬರಾಕತ್ತಾವ, ಅದನ್ನ ನೋಡು" ಎಂದಳು.

ಕೊನೆಯ ದಿನ ಸಾಹೇಬರು ಎದ್ದು ಬಂದು ನಮ್ಮ ಪರದೆಯ ಮುಂದೆ ನಿಂತರು. ಹೂಲಿಯ ಪಾತ್ರೆಗಳು ಸಾಲಾಗಿ ಮೂಡಿದ್ದವು. ನೀಲವ್ವನ ಹಸಿರು ಡಬ್ಬಿ, ಒಂದು ಹಿಡಿಕೆ ಹೋದ ಪಾತೇಲಿ, ತಂತಿಯಿಂದ ಹೊಲಿದ ಬುಟ್ಟಿ, ಕುಣಿಬಿದ್ದ ಬೋಗಾಣಿ.

"ಗಂಡನ ಹೆಸರಿನ ಕಾಲಂ ಎಲ್ಲಿ ಹೋತು?"

"ತಗದೇನ್ರಿ ಸರ್."

"ಯಾಕ?"

"ಶಾವಿಗಿ ಮಾಡಾಕ ಅದು ಬೇಕಾಗಂಗಿಲ್ರಿ."

ಹಿಂದೆ ಯಾರೋ ನಕ್ಕರು. ಸಾಹೇಬರು ನಗಲಿಲ್ಲ. ಕೆಟ್ಟ ಮನುಷ್ಯರೂ ಅಲ್ಲ ಅವರು, ನಮಗೆ ಸ್ಥಾನ ಸಿಗಲಿ ಎಂದೇ ಅವರಿಗೆ ಇದ್ದಂತಿತ್ತು. "ನಾಳೆ ದೊಡ್ಡ ಕಂಪನಿಗೆ ಕೆಲಸ ಮಾಡ್ತೀರಿ. ಅಲ್ಲಿ ಬೋಗಾಣಿ ಫೋಟೋ ತೋರಸ್ತೀರೇನು?"

"ದೊಡ್ಡ ಕಂಪನಿಯವರು ಹೂಲ್ಯಾಗ ಪಾಳಿ ಹಚ್ಚಾಕ ಬರಂಗಿಲ್ಲಲ್ರಿ." ಈ ಮಾತು ನನ್ನದೆಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದಿನಚರಿಯ ಪ್ರಕಾರ ರೂಪಾಳದು. ಅವಳಿಗೇ ಇರಲಿ.

ಸಾಹೇಬರು ಕನ್ನಡಕ ತೆಗೆದರು. "ನೋಡ್ರಿ ಮೇಡಂ, ನಮೂನಿ ಒಳಗ ಕಡ್ಡಾಯ ಅಂತ ಐತಿ. ಹಳೇದು ಗಿಟ್ ಒಳಗ ಇದ್ದಽ ಇರತೈತಿ. ಒಂದು ಆಜ್ಞೆ ಕೊಟ್ರ ತಿರುಗಿ ಬರತೈತಿ. ಬರತೈತಿಲ್ಲೋ?"

ಬರುತ್ತಿತ್ತು. ಒಂದೇ ಆಜ್ಞೆ, ಅರ್ಧ ನಿಮಿಷದ ಕೆಲಸ. ಇಡೀ ಹಾಲ್ ನನ್ನ ಬೆರಳು ನೋಡುತ್ತಿತ್ತು. ಕೆಳಗೆ ಹಮಾಲರು ಹಿಂಡಿಯ ಚೀಲ ಇಳಿಸುತ್ತಿದ್ದರು, ಧಪ್ ಧಪ್ ಎಂದು ನೆಲ ಅದುರುತ್ತಿತ್ತು.

"ಬರತೈತ್ರಿ ಸರ್," ಎಂದೆ. "ತರಂಗಿಲ್ಲ."

ಇದನ್ನು ದಿನಚರಿಯಲ್ಲಿ ನೋಡಿದೆ. ಹಾಗೇ ಇದೆ. ಒಂದು ಅಕ್ಷರವೂ ಬದಲಾಗಿಲ್ಲ.

ನಮಗೆ ಸಿಕ್ಕದ್ದು ಐದನೆಯ ಸ್ಥಾನ.

ಮೂರನೆಯ ದಿನಕ್ಕೆ ಮಾವ ಬಂದ. ಮಧ್ಯಾಹ್ನ ಅಡ್ಡಮಳೆ ಬಡಿದು ನಿಂತಿತ್ತು, ಅಂಗಳದಲ್ಲಿ ಆಲಿಕಲ್ಲು ಕರಗುತ್ತಿದ್ದವು. ಚಪ್ಪಲಿ ಬಿಡುತ್ತಲೇ ಕೇಳಿದ. "ಮುಗೀತ?"

"ಮುಗೀತು."

"ನೌಕರಿ?"

"ಸಿಗಲಿಲ್ಲ."

"ಆತು. ಅರಿವಿ ಜೋಡಸ್ಕೋ. ಸೋಮಾರ ದಿನಾ ಚೊಲೊ ಐತಿ."

"ನಾ ಬರಂಗಿಲ್ಲ ಮಾವಾ."

ಅವನು ಕೂರುತ್ತಿದ್ದವನು ಅರ್ಧಕ್ಕೇ ನಿಂತ. "ಮಾತ ಕೊಟ್ಟಿದ್ದಿ ಗಿರಿಜಾ. ನಾ ಹೇಳಿದ್ದಲ್ಲ, ಶರತ್ತ ಹಾಕಿದಾಕಿ ನೀನಽ."

"ಹೌದು. ಹಾಕಿದಾಕಿ ನಾನಽ. ತಗ್ಯಾಕಿನೂ ನಾನಽ."

"ಕಲ್ತಾಕಿ ಬಾಯಿಂದ ಬರೂ ಮಾತೇನಿದು?"

"ಇದನ್ನಽ ಕಲ್ತದ್ದು ಮಾವಾ. ಇಲ್ಲಿರಾಕ ನೌಕರಿ ಬೇಕಂತ ಬರಕೊಂಡಿದ್ದು ತಪ್ಪಾಗಿತ್ತು. ಬೇಕಾಗಿಲ್ಲ. ನೌಕರಿ ಇರಲಿ ಬಿಡಲಿ, ನಾ ಹೋಗಂಗಿಲ್ಲ."

ಮಾವ ಅವ್ವನ ಕಡೆ ನೋಡಿದ. ಆ ಇಡೀ ವರ್ಷ ಈ ವಿಷಯದಲ್ಲಿ ಒಂದು ಮಾತೂ ಆಡದ ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಣ್ಣಾ," ಎಂದಳು, "ಚಾ ಕುಡದು ಹೋಗು. ಐದರ ಕಿತ್ತೂರ ಬಸ್ ಸಿಗತೈತಿ."

ಅವನು ಚಹಾ ಕುಡಿದೇ ಹೋದ.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ದಿನಚರಿ ನನ್ನನ್ನು ಒಪ್ಪುವುದಿಲ್ಲ. ಮಾವ ಎರಡು ವರ್ಷ ಬರಲಿಲ್ಲ. ನಾನು ಬೀಜದ ಅಂಗಡಿಗಳಿಗೂ ಟೇಲರುಗಳಿಗೂ ಸಣ್ಣಪುಟ್ಟ ಸೈಟು ಮಾಡುತ್ತ, ಹಲವು ಸಲ ಕೆಲಸವಿಲ್ಲದೆ ಕೂತು, ಕಳೆದ ವರ್ಷದಿಂದ ಇರ್ಫಾನ್ ಸರ್ ಸವದತ್ತಿಯಲ್ಲಿ ತೆರೆದ ಒಂದು ಕೋಣೆಯಲ್ಲಿ ವಾರಕ್ಕೆ ನಾಲ್ಕು ದಿನ ಕಲಿಸುತ್ತೇನೆ. ಗಿಟ್ ಪಾಠ ನನ್ನದೇ. ಫಾರ್ಮಿನ ಪಾಠವೂ. ಒಂದು ಕಾಲಮಿಗೆ ಕೆಂಪು ನಕ್ಷತ್ರ ಹಚ್ಚುವ ಮೊದಲು ಅದು ಯಾರ ಹಿಟ್ಟನ್ನು ಹುಳಿ ಮಾಡುತ್ತದೆ ಎಂದು ಕೇಳಿಕೊಳ್ಳಿರಿ ಎನ್ನುತ್ತೇನೆ. ಹೊಸಬರು ಮಿಕಿಮಿಕಿ ನೋಡುತ್ತಾರೆ. ಆಗ ಕಾಶವ್ವನ ಕಥೆ ಹೇಳುತ್ತೇನೆ, ಇನ್ನು ಮುಂದೆ ನನ್ನ ಒಡಪನ್ನೂ ಸೇರಿಸಿ.

ಹೂಲಿಯ ಪಾಳಿ ಈಗಲೂ ನಮ್ಮ ಸೈಟಿನಲ್ಲೇ ನಡೆಯುತ್ತದೆ. ಈ ಬೇಸಿಗೆಯಲ್ಲಿ ಅವ್ವ, "ಅಷ್ಟ ಮಂದಿಗೆ ಪಾಳಿ ಮಾಡಿಕೊಟ್ಟಿ, ನಮ್ಮ ಮನಿಗೆ ಒಂದ್ ಎಳಿ ಶಾವಿಗಿ ತಂದಿಲ್ಲ" ಎಂದಳು. ರವೆ ತೆಗೆದುಕೊಂಡು ಹೋದೆ. ಮದುವೆಯಲ್ಲಿ ಬಂದ, ಇಬ್ಬರ ಹೆಸರು ಕೆತ್ತಿಸಿದ ಸ್ಟೀಲಿನ ಡಬ್ಬಿಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಅವನ್ನು ಬಿಟ್ಟು ಬಣ್ಣದ ಅಂಗಡಿಯ ಒಂದು ಖಾಲಿ ಹಳದಿ ಬಕೀಟು ಒಯ್ದೆ. ಫೋಟೋ ತೆಗೆದು ಪಾಳಿ ಹಚ್ಚಿ, ರೂಢಿ ಬಿಡಬಾರದೆಂದು ಬಕೀಟನ್ನು ಸಾಲಿನಲ್ಲೂ ಇಟ್ಟು, ರೂಪಾಳ ಮನೆಯಲ್ಲಿ ಹಿಟ್ಟು ನಾದಿದೆ. ತಿರುಗಿ ಬಂದಾಗ ಸಾಲಿನಲ್ಲಿ ಅದರ ಸರದಿಯೇ ಬಂದಿತ್ತು.

ಕಾಶವ್ವ ತನ್ನ ಕಲ್ಲಿನ ಮೇಲೆ ಕೂತಿದ್ದಳು. ಕಣ್ಣು ಈಗ ಮಂಜು. ಫೋನು ಪಾಳಿ ನೋಡಿಕೊಂಡರೂ ಬಾಗಿಲು ನೋಡುವುದನ್ನು ಅವಳು ಬಿಟ್ಟಿಲ್ಲ. ಕೋಲಿನಿಂದ ಬಕೀಟನ್ನು ತಟ್ಟಿ ಕೂಗಿದಳು: "ಇದ್ಯಾರದವಾ, ಹಳದಿ ಬಕೀಟು?"

"ನಂದು," ಎಂದೆ.

"ಹಂಗಾದ್ರ ಮುಂದ ಬಾ."